ಜಿಂಕೆಗಳಿಗೊಂದು ಅರವಟ್ಟಿಗೆ

ಗೋಡೆಯ ಕೆಲಸ ನದಿಯ ಮಗ್ಗುಲಿಗೆ ಬಂದಿದೆ, ಒಮ್ಮೆ ಬಂದು ನೋಡಿ ಎಂದು ರೇಂಜರ್ ಫೋನ್ ಮಾಡಿದಾಗ ಸಂಕ್ರಾಂತಿ ಮುಗಿದಿತ್ತು. ಹೈದರಾಬಾದು ಆಗ ಇಡೀ ಆಂಧ್ರಪ್ರದೇಶದ ರಾಜಧಾನಿ. ನಾನು ಅಲ್ಲಿಯ ಒಂದು ತೆಲುಗು ದಿನಪತ್ರಿಕೆಯ ವರದಿಗಾರ್ತಿ. ಅರಣ್ಯ ಮತ್ತು ನೀರಾವರಿ ಇಲಾಖೆಗಳ ಸುದ್ದಿ ನನ್ನ ಪಾಲಿಗಿತ್ತು. ಊರಂಚಿನ ಸಣ್ಣ ರಾಷ್ಟ್ರೀಯ ಉದ್ಯಾನವೊಂದರ ಹೊಣೆ ಹೊತ್ತಿದ್ದ ಈ ರೇಂಜರ್ ರಾಯಚೂರು ಕಡೆಯ ಮನೆತನದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ನಮ್ಮ ಮನೆಯ ಪದ್ಧತಿಯೂ ಅದೇ. ಹಾಗಾಗಿ ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಅಕ್ಕಪಕ್ಕದ ಮೇಜಿನವರಿಗೆ ತಿಳಿಯುವುದಿಲ್ಲ ಎಂಬ ಅನುಕೂಲ ಇಬ್ಬರಿಗೂ ಇತ್ತು.

ಉದ್ಯಾನವಿದ್ದದ್ದು ಊರಿನ ಪಶ್ಚಿಮಕ್ಕೆ, ಮೂಸಿ ನದಿ ಊರು ಹೊಕ್ಕು ಕೊಳಕಾಗುವ ಮೊದಲಿನ ಒಂದು ತಿರುವಿನಲ್ಲಿ. ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಅದಕ್ಕೆ ಅಳತೆ ಮೀರಿದ ಅಂಗಿಯಂತಿತ್ತು. ಬೆಳಗಿನ ತಂಪಿನಲ್ಲಿ ನಡೆಯಲು ಶುರುಮಾಡಿದರೆ ಬಿಸಿಲೇರುವ ಹೊತ್ತಿಗೆ ಒಂದು ಸುತ್ತು ಮುಗಿಯುತ್ತಿತ್ತು. ಮೇಲೆ ದುಂಡು ಬಂಡೆಗಳ ನಡುವೆ ಜಾಲಿ, ಮುತ್ತುಗ, ಬೇವು, ಸೀತಾಫಲಗಳ ಕುರುಚಲು ಕಾಡು. ಅದರ ಕೆಳಗೆ ಹುಲ್ಲಿನ ಇಳಿಜಾರು. ಇಳಿಜಾರು ಮುಗಿದಲ್ಲಿ ಜಲ್ಲಿ ಮತ್ತು ಮರಳಿನ ದಂಡೆ, ಆಮೇಲೆ ನೀರು.

ಹುಲಿಯಿಲ್ಲ, ಆನೆಯಿಲ್ಲ ಎಂದು ಬಂದವರು ಬೇಸರಪಡುತ್ತಿದ್ದರು. ಆ ಜಾಗದ ಬೆಲೆ ಪ್ರಾಣಿಗಳ ಗಾತ್ರದಲ್ಲಿ ಇರಲಿಲ್ಲ. ಬೇಸಿಗೆ ಹತ್ತಿರವಾದಂತೆ ನದಿಯ ಮೇಲೆ ಹಾರಾಡಿ ಮೀನು ಹಿಡಿಯುವ ರೀವ ಹಕ್ಕಿಗಳು, ಟಿಟ್ಟಿಭಗಳು ಆ ಬರಿಯ ಜಲ್ಲಿಯ ಮೇಲೆ ಮೊಟ್ಟೆ ಇಡುತ್ತಿದ್ದವು. ಜಲ್ಲಿಗೂ ಮೊಟ್ಟೆಗೂ ಒಂದೇ ಬಣ್ಣ, ಕಾಲಿಡುವ ಮುನ್ನ ಬಗ್ಗಿ ನೋಡಬೇಕು. ಕಡಿದಾದ ಮರಳುಗೋಡೆಯಲ್ಲಿ ಕಳ್ಳಿಪೀರ ಹಕ್ಕಿಗಳು ಬಿಲ ತೋಡುತ್ತಿದ್ದವು. ಆಮೆಗಳು ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದವು. ಚುಕ್ಕೆ ಜಿಂಕೆಗಳು ಬಂಡೆಗಳ ನೆರಳಿನಲ್ಲಿ ಹಗಲು ಕಳೆದು, ಹೊತ್ತು ಇಳಿಯುವಾಗ ಹುಲ್ಲು ದಾಟಿ ನೀರಿಗೆ ಬರುತ್ತಿದ್ದವು. ಬಂಡೆ, ಹುಲ್ಲು, ದಂಡೆ, ನೀರು ನಾಲ್ಕೂ ಒಂದಕ್ಕೊಂದು ತಾಗಿಕೊಂಡಿದ್ದವು. ಕಾಡಿನಿಂದ ನೀರಿನವರೆಗೆ ಒಂದು ಪ್ರಾಣಿ ರಸ್ತೆ ದಾಟದೆ ಹೋಗಬಹುದಾದ ಜಾಗ ಊರಿನ ಸುತ್ತ ಬೇರೆ ಉಳಿದಿರಲಿಲ್ಲ.

ಗೋಡೆ ಬೇಕೆಂದು ಕೇಳಿದವರಲ್ಲಿ ರೇಂಜರೂ ಒಬ್ಬರು. ಮಣಿಕೊಂಡದ ಕಡೆ ಬಂಡೆಗಳನ್ನು ಸಿಡಿಸಿ ಲೇಔಟ್ ಮಾಡುತ್ತಿದ್ದ ಕಾಲ ಅದು. ಸದ್ದು ಉದ್ಯಾನದವರೆಗೆ ಕೇಳುತ್ತಿತ್ತು. ಬೇಲಿ ಕಿತ್ತು ಒಳಗೆ ಬರುವವರು, ನಾಯಿಗಳು, ರಾತ್ರೋರಾತ್ರಿ ಸರಿಯುವ ಗಡಿಕಲ್ಲುಗಳು. ಮಂಜೂರಾತಿ ಬಂತು. ಆದರೆ ಉದ್ಯಾನದ ಅಧಿಸೂಚನೆಯಲ್ಲಿ ದಕ್ಷಿಣದ ಗಡಿ ಎಂದು ಇದ್ದದ್ದು ಎರಡೇ ಪದ: ಮೂಸಿ ನದಿ. ನದಿಯ ಪಕ್ಕ ಮರಳಿನಲ್ಲಿ ಬುನಾದಿ ನಿಲ್ಲುವುದಿಲ್ಲ, ಪ್ರವಾಹ ಬಂದರೆ ಗೋಡೆ ಕೊಚ್ಚಿಹೋಗುತ್ತದೆ ಎಂದು ಎಂಜಿನಿಯರು ರೇಖೆಯನ್ನು ಮೇಲಕ್ಕೆ, ಗಟ್ಟಿ ನೆಲಕ್ಕೆ ತಂದರು. ನೆಲದ ದೃಷ್ಟಿಯಿಂದ ಅವರ ಲೆಕ್ಕ ಸರಿಯಾಗಿತ್ತು. ಹುಲ್ಲಿನ ಕೆಳಭಾಗ, ದಂಡೆ, ನೀರು ಮೂರೂ ಗೋಡೆಯ ಆಚೆ ಉಳಿದವು.

ನಾನು ಹೋದಾಗ ಗೋಡೆ ಎರಡೂ ಕಡೆಯಿಂದ ಬಂದು ಒಂದು ಲಾರಿ ಹೋಗುವಷ್ಟು ಸಂದಿ ಬಿಟ್ಟು ನಿಂತಿತ್ತು. ಮರಳು ಸಾಗಿಸಲೆಂದು ಗೌಂಡಿಗಳು ಬಿಟ್ಟ ಸಂದಿ ಅದು. ಇಳಿಜಾರಿನಲ್ಲಿ ಜಿಂಕೆಗಳು ತುಳಿದು ಮಾಡಿದ ಹಳೆಯ ಕಾಲ್ದಾರಿ ನೇರವಾಗಿ ಬಂದು ಗೋಡೆಗೆ ಮುಟ್ಟುತ್ತಿತ್ತು. ಅಲ್ಲಿಂದ ಎಡಕ್ಕೆ, ಗೋಡೆಯ ಬುಡದಲ್ಲೇ, ಸಂದಿಯವರೆಗೆ ಹೊಸದೊಂದು ಕಾಲ್ದಾರಿ ಆಗಲೇ ಮೂಡಿತ್ತು.

"ನೋಡ್ರಿ ಅಕ್ಕಾರ, ಸಂದಿ ಹುಡಿಕ್ಯಾವ," ಎಂದರು ರೇಂಜರ್. "ಮೊದ್ಲ ದಿನಾ ಗೋಡಿ ಮುಂದ ಬಂದು ನಿಂತು ನನ್ನ ಮಾರಿ ನೋಡಿದ್ವು. ನಾ ಏನ್ ಹೇಳ್ಲಿ? ನಾನಽ ಕೇಳಿ ತಂದ ಗೋಡಿ ಐತಿ."

ಅವರು ಕೇಳುತ್ತಿದ್ದುದು ಇಷ್ಟೇ. ಆ ಸಂದಿಯನ್ನು ಮುಚ್ಚಬಾರದು. ಅದಕ್ಕೊಂದು ಕಾವಲು ಇಟ್ಟು, ಹೊತ್ತು ಇಳಿದಾಗ ತೆರೆದಿಡಬೇಕು. ಆಮೇಲೆ, ಹಣ ಬಂದಾಗ, ಗೋಡೆಯ ಎರಡು ತುದಿಗಳನ್ನು ನದಿಯವರೆಗೆ ಇಳಿಸಬೇಕು. ಮರಳಿನಲ್ಲಿ ಕಟ್ಟಡ ನಿಲ್ಲದಿದ್ದರೆ ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಇಟ್ಟರೂ ಸಾಕು. ಇದನ್ನೆಲ್ಲ ಅವರು ಮೇಲಿನವರಿಗೆ ಬರೆದಿದ್ದರು. ಕೆಲಸ ಮುಗಿದಿದೆ ಎಂದು ರುಜು ಹಾಕುವ ಅಧಿಕಾರ ಅವರದಾಗಿದ್ದರಿಂದ, ಏನಾದರೊಂದು ಕೊರತೆ ತೋರಿಸಿ ಸಂದಿಯನ್ನು ಉಳಿಸಿಕೊಂಡಿದ್ದರು. ಒಮ್ಮೆ ಸಿಮೆಂಟಿಗೆ ನೀರುಣಿಸಿದ್ದು ಸಾಲದು ಎಂದಿದ್ದರು, ಇನ್ನೊಮ್ಮೆ ಗೋಡೆಯ ತಲೆಗಟ್ಟು ಓರೆ ಎಂದಿದ್ದರು.

"ಎಷ್ಟು ದಿನಾ ಹಿಂಗ ನಡೀತದ?" ಎಂದು ಕೇಳಿದೆ.

"ಗುತ್ತಿಗೆದಾರ ಭಾಳ ಸಮಾಧಾನದ ಮನಷ್ಯಾ ಅದಾನ್ರಿ. ಯುಗಾದಿ ತನಕ ತಡೀತಾನ. ಆಮ್ಯಾಲ ನನ್ನ ಕಣ್ಣ ತಪಾಸಣಿ ಮಾಡಿಸ್ತಾನ."

ಕಚೇರಿಗೆ ಬಂದು ವಿಭಾಗದ ಅರಣ್ಯಾಧಿಕಾರಿಯ ಅಭಿಪ್ರಾಯ ಪಡೆದೆ. ನಮ್ಮ ಪತ್ರಿಕೆಯಲ್ಲಿ ಎರಡೂ ಕಡೆಯ ಮಾತಿಲ್ಲದೆ ಸುದ್ದಿ ಮೇಜು ದಾಟುತ್ತಿರಲಿಲ್ಲ. ಅಧಿಕಾರಿ ಸಭ್ಯರು, ಚಹಾ ತರಿಸಿದರು. ಗಡಿ ಬದಲಿಸಿದರೆ ಕಡತ ದೆಹಲಿಯವರೆಗೆ ಹೋಗಬೇಕಲ್ಲವೇ ಎಂದು ಕೇಳಿದೆ. ಬದಲಿಸಿಲ್ಲ, ಸ್ಪಷ್ಟಪಡಿಸಿದ್ದೇವೆ ಎಂದರು. ನದಿ ವರ್ಷಕ್ಕೊಮ್ಮೆ ಅತ್ತಿತ್ತ ಸರಿಯುತ್ತದೆ, ಗೋಡೆ ಸರಿಯುವುದಿಲ್ಲ. ಗಡಿ ಎಂದ ಮೇಲೆ ಅದು ಸರಿಯಬಾರದು ಎಂಬುದು ಅವರ ವಾದ. ಹಾಗಾದರೆ ಆಚೆಯ ದಂಡೆ ಯಾರದು ಎಂದೆ. ಅದು ಕಂದಾಯ ಇಲಾಖೆಯವರನ್ನು ಕೇಳಬೇಕಾದ ಪ್ರಶ್ನೆ ಎಂದರು. ಕಂದಾಯದವರು ಅದು ಅರಣ್ಯ ಇಲಾಖೆಯವರನ್ನು ಕೇಳಬೇಕಾದ ಪ್ರಶ್ನೆ ಎಂದರು. ಎರಡನ್ನೂ ಹಾಗೆಯೇ ಬರೆದೆ.

ಇಲ್ಲಿ ಪತ್ರಿಕೆಯ ಪದ್ಧತಿಯೊಂದನ್ನು ಹೇಳಬೇಕು. ಆ ಕಾಲಕ್ಕೆ ತೆಲುಗು ಪತ್ರಿಕೆಗಳು ಮುಖ್ಯ ಸಂಚಿಕೆಯ ಒಳಗೆ ಒಂದೊಂದು ಜಿಲ್ಲೆಗೆ ಒಂದೊಂದು ಸಣ್ಣ ಪುರವಣಿಯನ್ನು ಮಡಚಿಟ್ಟು ಕೊಡುತ್ತಿದ್ದವು. ಊರಿನವರಿಗೆ ಊರಿನ ಪುರವಣಿ, ಊರ ಹೊರಗಿನವರಿಗೆ ರಂಗಾರೆಡ್ಡಿ ಜಿಲ್ಲೆಯ ಪುರವಣಿ. ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಬರುತ್ತಿರಲಿಲ್ಲ. ಉದ್ಯಾನ ಊರಿನ ಎಲ್ಲೆಯ ಆಚೆ ಇತ್ತು. ನನ್ನ ವರದಿ ಜಿಲ್ಲೆಯ ಪುಟಕ್ಕೆ ಹೋಯಿತು. ಒಂದು ಪಕ್ಕದಲ್ಲಿ ಬತ್ತಿದ ಬೋರ್‌ವೆಲ್, ಇನ್ನೊಂದು ಪಕ್ಕದಲ್ಲಿ ತರಕಾರಿ ಧಾರಣೆ. ಸಚಿವಾಲಯದಲ್ಲಿ ಕೂತು ಆ ಗೋಡೆಯ ಬಗ್ಗೆ ಏನಾದರೂ ಮಾಡಬಲ್ಲವರಾರೂ ಜಿಲ್ಲೆಯ ಪುರವಣಿ ಓದುತ್ತಿರಲಿಲ್ಲ, ಅವರ ಮನೆಗೆ ಅದು ಬರುತ್ತಲೂ ಇರಲಿಲ್ಲ. ನಾನೂ ಊರೊಳಗೆ ಅಮೀರ್‌ಪೇಟೆಯಲ್ಲಿದ್ದವಳು, ನನ್ನ ವರದಿಯನ್ನು ನಾನು ನೋಡಿದ್ದು ಕಚೇರಿಯ ಕಡತದ ಪ್ರತಿಯಲ್ಲಿ.

ಮತ್ತೆರಡು ಸಲ ಬರೆದೆ, ಎರಡೂ ಅದೇ ಪುಟಕ್ಕೆ ಹೋದವು. ಮುಖ್ಯ ಸಂಚಿಕೆಗೆ ಹಾಕಿ ಎಂದು ನ್ಯೂಸ್ ಎಡಿಟರನ್ನು ಕೇಳಿದೆ. ಅವರು ಗುಂಟೂರಿನವರು. ಮೂವತ್ತು ವರ್ಷ ಸುದ್ದಿ ಕತ್ತರಿಸಿದ ಕೈ, ಯಾರ ಮೇಲೂ ದನಿ ಏರಿಸಿದವರಲ್ಲ. ಒಂದು ಕಡೆ ಅಧಿಕಾರಿ ಗಡಿ ಬದಲಾಗಿಲ್ಲ ಎನ್ನುತ್ತಾರೆ, ಇನ್ನೊಂದು ಕಡೆ ಹೆಸರು ಹಾಕಬೇಡಿ ಎಂದ ಇಲಾಖೆಯ ಒಬ್ಬರು ಬದಲಾಗಿದೆ ಎನ್ನುತ್ತಾರೆ, ಇದರಲ್ಲಿ ರಾಜ್ಯಕ್ಕೆ ಹೇಳುವ ಸುದ್ದಿ ಯಾವುದು ಎಂದು ಕೇಳಿದರು. ಆಮೇಲೆ ತಮ್ಮ ತೆಲುಗಿನಲ್ಲಿ, ಮಗಳಿಗೆ ಹೇಳುವಂತೆ ಹೇಳಿದರು: "ಅಮ್ಮಾ, ಅಕ್ಷರಕ್ಕೆ ಎಲ್ಲೆ ಇದೆ. ಫೋಟೋಗೆ ಇಲ್ಲ. ಬೇಸಿಗೆ ಬಂತು, ಒಂದು ಒಳ್ಳೆಯ ಫೋಟೋ ತೆಗೆದುಕೊಂಡು ಬಾ."

ಅದು ನಿಜವಾಗಿತ್ತು. ಋತುವಿನ ಚಿತ್ರಗಳು ಯಾವ ಜಿಲ್ಲೆಯವಾದರೂ ಮೊದಲ ಪುಟಕ್ಕೆ ಬರಬಹುದಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಫೋಟೋಗ್ರಾಫರನೊಡನೆ ಹೋದೆ. ಹಳೆಯ ಊರಾದ ಪಾತಬಸ್ತಿಯವನು, ನಾನು ಅವನಿಗೆ ಆಪಾ, ಎಂದರೆ ಅಕ್ಕ. ಮದುವೆಯ ಫೋಟೋಗಳಿಂದ ಪತ್ರಿಕೆಗೆ ಬಂದವನಾದ್ದರಿಂದ ಕಾಯುವುದು ಚೆನ್ನಾಗಿ ಗೊತ್ತಿತ್ತು. ರೇಂಜರ್ ನಮ್ಮನ್ನು ಗೋಡೆಗೆ ಸ್ವಲ್ಪ ಮೇಲಿದ್ದ ಬಂಡೆಯ ಹಿಂದೆ ಕೂರಿಸಿದರು. ಬಿಸಿಲು ಓರೆಯಾದಾಗ ಜಿಂಕೆಗಳು ಹುಲ್ಲಿಗೆ ಇಳಿದವು. ಹಳೆಯ ದಾರಿಯಲ್ಲಿ ಬಂದು ಗೋಡೆಯ ಮುಂದೆ ನಿಂತವು. ಕೆಲವು ಮೂತಿ ಎತ್ತಿ ಆಚೆಯ ಗಾಳಿ ಮೂಸಿದವು. ಒಂದು ಹೆಣ್ಣು ಜಿಂಕೆ ತನ್ನ ಮರಿಯೊಡನೆ ಗೋಡೆಯ ಕಲ್ಲನ್ನು ನೆಕ್ಕಿತು. ಆಮೇಲೆ ಒಂದರ ಹಿಂದೊಂದು ಎಡಕ್ಕೆ ತಿರುಗಿ ಸಂದಿಯ ಕಡೆ ನಡೆದವು.

"ಆಪಾ, ರೇಷನ್ ಅಂಗಡಿ ಮುಂದೆ ನಮ್ಮ ಮೊಹಲ್ಲಾದವರು ಇಷ್ಟು ಶಿಸ್ತಾಗಿ ನಿಲ್ಲೋದಿಲ್ಲ," ಎಂದು ಅವನು ದಖನಿ ಉರ್ದುವಿನಲ್ಲಿ ಪಿಸುಗುಟ್ಟಿದ.

ಅವನು ತೆಗೆದವುಗಳಲ್ಲಿ ಎರಡು ನಮ್ಮ ಕೆಲಸಕ್ಕೆ ಬರುವಂಥವು. ಒಂದು, ಬಂಡೆಯ ತುದಿ ಹತ್ತಿ ತೆಗೆದದ್ದು: ಹುಲ್ಲು, ಜಿಂಕೆಗಳ ಸಾಲು, ಗೋಡೆ, ಸಂದಿ, ಆಚೆಗೆ ನದಿಯ ಹೊಳಪು ಎಲ್ಲ ಒಂದೇ ಚೌಕಟ್ಟಿನಲ್ಲಿ. ಇನ್ನೊಂದು, ಉದ್ದ ಲೆನ್ಸಿನಲ್ಲಿ ಹತ್ತಿರದಿಂದ: ಕಲ್ಲು ನೆಕ್ಕುತ್ತಿರುವ ತಾಯಿ ಮತ್ತು ಮರಿ. ಮೊದಲನೆಯದನ್ನು ಮೂರು ಕಾಲಮಿಗೆ ಇಳಿಸಿ ನೋಡಿದರು. ಜಿಂಕೆಗಳು ಎಳ್ಳಿನ ಕಾಳುಗಳಾದವು, ನದಿ ಬಿಳಿಯ ಕಲೆಯಾಯಿತು. ಮೇಜಿನ ಸುತ್ತ ನಿಂತವರೆಲ್ಲ ಎರಡನೆಯದರ ಮೇಲೆ ಬೆರಳಿಟ್ಟರು.

ಅಂದು ನ್ಯೂಸ್ ಎಡಿಟರ್ ನನಗೊಂದು ಆಯ್ಕೆ ಕೊಟ್ಟರು. ನಾಳೆಗೆ ಚಿತ್ರವೊಂದೇ, ಎರಡು ಸಾಲಿನ ವಿವರಣೆಯೊಂದಿಗೆ, ಮೊದಲ ಪುಟದಲ್ಲಿ. ಓದುಗರು ಕೇಳಿದರೆ ಮರುದಿನ ಗೋಡೆಯ ಕಥೆ, ಊರಿನ ಪುಟದಲ್ಲಿ. ಅಥವಾ ಎರಡನ್ನೂ ಒಟ್ಟಿಗೆ, ಭಾನುವಾರ, ಜಾಗವಿದ್ದರೆ. ರೇಂಜರಿಗೆ ಫೋನ್ ಮಾಡಿದೆ. ಗುತ್ತಿಗೆದಾರ ಕಲ್ಲು ಇಳಿಸಿದ್ದಾನೆ, ಭಾನುವಾರದ ತನಕ ಸಂದಿ ಇರುವ ಭರವಸೆ ಇಲ್ಲ ಎಂದರು. ಚಿತ್ರ ಹಾಕಿಸಿರಿ, ನೋಡಿದವರು ಜಿಂಕೆ ಯಾಕೆ ಗೋಡೆ ನೆಕ್ಕುತ್ತಿದೆ ಎಂದು ಕೇಳದೆ ಇರುತ್ತಾರೆಯೇ ಎಂದರು. ನನ್ನ ಲೆಕ್ಕವೂ ಅದೇ ಆಗಿತ್ತು. ಚಿತ್ರವನ್ನು ಕೊಟ್ಟೆ. ವಿವರಣೆಯಲ್ಲಿ ನದಿ ಮತ್ತು ಗೋಡೆ ಎರಡೂ ಬರುವಂತೆ ಬರೆದಿದ್ದೆ. ಬೆಳಿಗ್ಗೆ ನೋಡಿದರೆ ಒಂದು ಜಾಹೀರಾತು ಕೆಳಗಿನಿಂದ ಏರಿ ಬಂದಿತ್ತು, ಎರಡು ಸಾಲು ಒಂದಾಗಿತ್ತು: ಬೇಸಿಗೆಯ ದಾಹ, ಹನಿ ನೀರಿಗಾಗಿ ಊರಂಚಿನ ಉದ್ಯಾನದಲ್ಲಿ ಜಿಂಕೆಗಳ ಪರದಾಟ.

ಹತ್ತು ಗಂಟೆಗೆ ಫೋನುಗಳು ಶುರುವಾದವು. ಅಂದು ಸ್ವಿಚ್‌ಬೋರ್ಡಿನಲ್ಲಿ ಕೂತವಳಿಗೆ ಊಟಕ್ಕೆ ಏಳಲು ಆಗಲಿಲ್ಲ. ಯಾರೂ ಗೋಡೆಯ ಬಗ್ಗೆ ಕೇಳಲಿಲ್ಲ. ಎಲ್ಲರೂ ಕೇಳಿದ್ದು, ನೀರು ಎಲ್ಲಿಗೆ ಕಳಿಸಬೇಕು ಎಂದು.

ಹೈದರಾಬಾದಿನ ಬೇಸಿಗೆಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಿಸಿಲು ಏರಿತೆಂದರೆ ಅಲ್ಲಿ ಬೀದಿಗೊಂದು ಚಲಿವೇಂದ್ರಂ ಏಳುತ್ತದೆ. ನಮ್ಮ ಕಡೆಯ ಅರವಟ್ಟಿಗೆಯೇ ಅದು. ತೆಂಗಿನ ಗರಿಯ ಚಪ್ಪರ, ಮರಳ ಮೇಲೆ ಕೆಂಪು ಬಟ್ಟೆ ಸುತ್ತಿದ ಮಡಕೆಗಳು, ದಾರಿಹೋಕರಿಗೆ ತಣ್ಣೀರು. ಬಡಾವಣೆಯ ಸಂಘ, ವರ್ತಕರು, ಮಸೀದಿಯ ಕಮಿಟಿ, ಪಕ್ಷಗಳ ಕಾರ್ಯಕರ್ತರು, ಯಾರೂ ಹಿಂದುಳಿಯುವುದಿಲ್ಲ. ಬಾಯಾರಿದವರಿಗೆ ನೀರು ಕೊಡುವುದರಲ್ಲಿ ಆ ಊರು ಯಾರಿಗೂ ಸೋಲುವುದಿಲ್ಲ. ಉಪ್ಪಲ್‌ನ ಒಂದು ಮಹಿಳಾ ಸಂಘದವರು ಊರಿನ ಆ ತುದಿಯಿಂದ ಈ ತುದಿಗೆ ಟ್ಯಾಂಕರ್ ಕಳಿಸಿದರು. ಸಿಮೆಂಟ್ ಅಂಗಡಿಯವರೊಬ್ಬರು ತೊಟ್ಟಿಗಳನ್ನೇ ಕೊಟ್ಟರು.

ಮರುದಿನದ ನನ್ನ ವರದಿಯ ಮೊದಲ ಸಾಲನ್ನು ಮೇಜಿನಲ್ಲಿ ಬದಲಾಯಿಸಬೇಕಾಯಿತು, ಏಕೆಂದರೆ ಸುದ್ದಿಯೇ ಬದಲಾಗಿತ್ತು. ಜಿಂಕೆಗಳಿಗೆ ಚಲಿವೇಂದ್ರಂ ಎಂಬ ತಲೆಬರಹ. ಗೋಡೆ, ಸಂದಿ, ಅಧಿಸೂಚನೆಯ ಎರಡು ಪದ ಕೊನೆಯ ಭಾಗಕ್ಕೆ ಇಳಿದವು. ಪತ್ರಿಕೆಯಲ್ಲಿ ಕತ್ತರಿ ಕೆಳಗಿನಿಂದ ಬರುತ್ತದೆ. ದಾನಿಗಳ ಹೆಸರುಗಳಿಗೆ ಜಾಗ ಬೇಕಾಗಿತ್ತು.

ತೊಟ್ಟಿಗಳ ಉದ್ಘಾಟನೆಗೆ ಶಾಮಿಯಾನ ಹಾಕಿದ್ದರು. ವಿಭಾಗದ ಅಧಿಕಾರಿ ಪತ್ರಿಕೆಯನ್ನು ಹೊಗಳಿದರು, ಓದುಗರನ್ನು ಹೊಗಳಿದರು. ಮೊದಲ ಕೊಡ ಸುರಿದವರ ಕೊರಳಿನ ಚೆಂಡು ಹೂವು ಉದುರಿ ನೀರಿನಲ್ಲಿ ತೇಲುತ್ತಿತ್ತು. ಮೈಕಿನ ಸದ್ದಿಗೆ ಒಂದು ಜಿಂಕೆಯೂ ಹತ್ತಿರ ಸುಳಿಯಲಿಲ್ಲ. ರೇಂಜರ್ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಹತ್ತಿರ ಹೋದೆ.

"ಮಂದೀದು ಏನೂ ತಪ್ಪಿಲ್ರಿ, ಅಕ್ಕಾರ," ಎಂದರು. "ನಾವು ನೀರ ಕೇಳಿದ್ದಿಲ್ಲ, ದಾರಿ ಕೇಳಿದ್ವಿ. ದಾರಿ ಕೊಡೂದು ಅವರ ಕೈಯಾಗ ಇದ್ದಿಲ್ಲ. ನೀರ ಇತ್ತು, ಕೊಟ್ರು."

ಅದೇ ವಾರ ಆದೇಶ ಬಂತು. ಉದ್ಯಾನದ ಒಳಗೇ ಸಾಕಷ್ಟು ನೀರಿನ ವ್ಯವಸ್ಥೆ ಆಗಿರುವುದರಿಂದ ಸಂದಿಯ ಅಗತ್ಯ ಇಲ್ಲ, ನಾಯಿಗಳು ನುಗ್ಗುವ ಅಪಾಯ ಇದೆ, ಕೂಡಲೇ ಮುಚ್ಚತಕ್ಕದ್ದು. ರೇಂಜರ್ ಬರವಣಿಗೆಯಲ್ಲಿ ತಕರಾರು ಸಲ್ಲಿಸಿದರು. ಅದನ್ನು ಸ್ವೀಕರಿಸಲಾಗಿದೆ ಎಂಬ ಉತ್ತರ ಸಂದಿ ಮುಚ್ಚಿದ ಮೇಲೆ ಬಂತು. ನಾನು ಬರೆದೆ, ಜಿಲ್ಲೆಯ ಪುಟದಲ್ಲಿ ಬಂತು. ನ್ಯೂಸ್ ಎಡಿಟರ್ ನನ್ನ ಮೇಜಿನ ಬಳಿ ನಿಂತು, ನಿಮ್ಮ ನೀರಿನಿಂದಲೇ ದಾರಿ ಮುಚ್ಚಿತು ಎಂದು ನೀರು ಕೊಟ್ಟ ಓದುಗರಿಗೆ ಈಗ ಹೇಗೆ ಹೇಳಲಿ ಅಮ್ಮಾ ಎಂದರು.

ಮುಚ್ಚುವ ದಿನ ಹೋಗಿದ್ದೆ. ಆಚೆ ಉಳಿದ ಪ್ರಾಣಿಗಳನ್ನು ಒಳಗೆ ಅಟ್ಟಲು ಕಾವಲುಗಾರರು ಬೆಳಗಿನಿಂದ ದಂಡೆಯ ಉದ್ದಕ್ಕೂ ತಗಡು ಬಾರಿಸುತ್ತ ನಡೆದರು. ಬಹುತೇಕ ಬಂದವು. ಕೆಲವು ಪೊದೆ ಸೇರಿ ಉಳಿದವು. ಗೌಂಡಿಗಳು ಕಾಯಲಿಲ್ಲ, ಕಾಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಉಳಿದವುಗಳನ್ನು ಮುಂದಿನ ದಿನಗಳಲ್ಲಿ ಊರ ನಾಯಿಗಳು ಮುಗಿಸಿದವು ಎಂದು ರೇಂಜರ್ ಫೋನಿನಲ್ಲಿ ಹೇಳಿದರು. ಮಳೆಗಾಲದ ನಂತರ ದಂಡೆಯ ಮೇಲೆ ರೋಲರ್ ಓಡಿತು. ಗೋಡೆಯ ಹೊರಮೈಗೆ ತಾಗಿದಂತೆ ಒಂದು ರಸ್ತೆ ಬಂತು. ಮುಂದಿನ ಬೇಸಿಗೆಯಲ್ಲಿ ಟಿಟ್ಟಿಭಗಳು ಬಂದು ರಸ್ತೆಯ ಅಂಚಿನ ಜಲ್ಲಿರಾಶಿಯ ಮೇಲೆ ಮೊಟ್ಟೆ ಇಟ್ಟವು. ರೀವ ಹಕ್ಕಿಗಳು ಬರಲಿಲ್ಲ.

ಆ ಚಿತ್ರ ನಮ್ಮ ಕಚೇರಿಯ ಸಂಗ್ರಹಕ್ಕೆ ಸೇರಿತು. ಬಿಸಿಲು ಏರಿದ ಮೊದಲ ವಾರ ಯಾರಾದರೊಬ್ಬರು ಅದನ್ನು ಹೊರಗೆ ತೆಗೆಯುತ್ತಿದ್ದರು. ತಾಯಿ, ಮರಿ, ಕಲ್ಲು, ಅದೇ ಒಂದು ಸಾಲು. ಅದು ಮತ್ತೆ ಅಚ್ಚಾದ ದಿನ ಬೆಳಿಗ್ಗೆ ರೇಂಜರ್ ತಪ್ಪದೆ ಫೋನ್ ಮಾಡುತ್ತಿದ್ದರು. "ನಿಮ್ಮ ಜಿಂಕಿಗೆ ಮತ್ತ ನೀರಡಿಕಿ ಆಗೈತಿ ನೋಡ್ರಿ," ಎಂದು ಹೇಳಿ, ಮನೆಯವರನ್ನು ವಿಚಾರಿಸಿ, ಇಟ್ಟುಬಿಡುತ್ತಿದ್ದರು.

ಕೊನೆಯ ಸಲ ಹೋದದ್ದು ಅವರು ನಿವೃತ್ತರಾಗುವ ವರ್ಷ, ಚಳಿಗಾಲ ಇಳಿಯುತ್ತಿದ್ದಾಗ. ಆ ವರ್ಷ ಮಳೆ ಚೆನ್ನಾಗಿ ಆಗಿ ಮೂಸಿ ಇನ್ನೂ ಹರಿಯುತ್ತಿತ್ತು. ಇಳಿಜಾರಿನ ಹಳೆಯ ಕಾಲ್ದಾರಿಯನ್ನು ರೇಂಜರ್ ಕೈಮಾಡಿ ತೋರಿಸದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಅದರ ಮೇಲೆ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ತೊಟ್ಟಿಗಳು ಒಣಗಿದ್ದವು. ಟ್ಯಾಂಕರ್ ಎಲ್ಲೋ ಕೆಟ್ಟು ನಿಂತಿದೆ ಎಂದು ಕಾವಲುಗಾರ ಬಂದು ಹೇಳಿದ.

ಜಿಂಕೆಗಳು ಆಗಲೇ ಬಂದು ನಿಂತಿದ್ದವು. ಗೋಡೆ ಮುಗಿದ ಮೇಲೆ ಹುಟ್ಟಿದವೇ ಹೆಚ್ಚು ಎಂದರು ರೇಂಜರ್. ಟ್ಯಾಂಕರಿನ ಹಾರ್ನ್ ಕೇಳಿದರೆ ಬಂಡೆಗಳಿಂದ ಓಡಿ ಇಳಿಯುತ್ತವಂತೆ. ಹಾರ್ನ್ ಕೇಳದ ದಿನ ತಾವಾಗಿ ಬಂದು ಕಾಯುತ್ತವಂತೆ. ಗಾಳಿ ದಕ್ಷಿಣದಿಂದ ಬೀಸುತ್ತಿತ್ತು, ಗೋಡೆಯಾಚೆ ನೀರು ಕಲ್ಲಿಗೆ ಬಡಿಯುವ ಸದ್ದು ನಾವು ನಿಂತಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವು ಒಣ ತೊಟ್ಟಿಯ ಸುತ್ತ ಗುಂಪಾಗಿ, ಕಿವಿ ನಿಮಿರಿಸಿಕೊಂಡು, ಗೇಟಿನ ರಸ್ತೆಯನ್ನು ನೋಡುತ್ತಿದ್ದವು. ಎಲ್ಲವುಗಳ ಬೆನ್ನು ನದಿಯ ಕಡೆಗಿತ್ತು.